ಲಾಸ್ಟ್ ನೇಮ್ ಯಾವುದು ಸ್ವಾಮಿ?

ಊರನ್ನೂ ಅಪ್ಪನನ್ನೂ ಹೆಸರಿನಲ್ಲೇ ಹೊತ್ತು ತಂದ ಕನ್ನಡಿಗರು ಅಮೆರಿಕದ ಆ್ಯಪ್‌ಗಳ ಎರಡು ಖಾನೆಗಳ ಮುಂದೆ ತಡವರಿಸುತ್ತಾರೆ. ಆ ಖಾನೆಗಳು ಎಲ್ಲಿಂದ ಬಂದವು, ನಮ್ಮ ಹೆಸರುಗಳನ್ನು ಏನು ಮಾಡುತ್ತಿವೆ?

ಬೇಂದ್ರೆ ಮತ್ತು ಕುವೆಂಪು ಇಬ್ಬರೂ ವರ್ಜೀನಿಯಾದಲ್ಲಿ ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ತುಂಬಲು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಬೇಂದ್ರೆಯವರದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಫಸ್ಟ್ ನೇಮ್ ದತ್ತಾತ್ರೇಯ, ಮಿಡಲ್ ನೇಮ್ ರಾಮಚಂದ್ರ, ಲಾಸ್ಟ್ ನೇಮ್ ಬೇಂದ್ರೆ. ಅಮೆರಿಕದ ದರ್ಜಿಯೇ ಅಳತೆ ತೆಗೆದು ಹೊಲಿದಂತಿದೆ. ಕುವೆಂಪು ಮಾತ್ರ ಮೊದಲ ಖಾನೆಯಲ್ಲೇ ಸಿಕ್ಕಿಬೀಳುತ್ತಾರೆ. ಕುಪ್ಪಳಿ ಅವರ ಊರು, ವೆಂಕಟಪ್ಪ ಅವರ ತಂದೆ, ಪುಟ್ಟಪ್ಪ ಅವರು. ಇದ್ದ ಕ್ರಮದಲ್ಲೇ ತುಂಬಿದರೆ ಮರುದಿನದಿಂದ ಬರುವ ಇ-ಮೇಲ್‌ಗಳೆಲ್ಲ ‘ಹಾಯ್ ಕುಪ್ಪಳಿ’ ಎಂದು ಶುರುವಾಗುತ್ತವೆ. ತಿರುಗಿಸಿ ತುಂಬಿದರೆ ಪಾಸ್‌ಪೋರ್ಟಿಗೂ ಲೈಸೆನ್ಸಿಗೂ ತಾಳೆಯಾಗುವುದಿಲ್ಲ. ಮನೆತನದ ಹೆಸರನ್ನು ಖಾಲಿ ಬಿಡೋಣವೆಂದರೆ ಆ ಖಾನೆಯ ಪಕ್ಕದಲ್ಲಿ ಕೆಂಪು ನಕ್ಷತ್ರವಿದೆ. ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ.

ಇದು ಎಲ್ಲ ಕನ್ನಡಿಗರ ಕಷ್ಟವಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಿಗೆ ಪಾಟೀಲ, ಹಿರೇಮಠ, ಕುಲಕರ್ಣಿ ಎಂಬ ಅಡ್ಡಹೆಸರುಗಳಿವೆ. ಕರಾವಳಿಯವರಿಗೆ ಶೆಟ್ಟಿ, ಹೆಗ್ಡೆ, ಭಟ್, ಕಾಮತ್ ಇವೆ. ಸಿಕ್ಕಿಕೊಳ್ಳುವವರು ಮುಖ್ಯವಾಗಿ ಹಳೆಯ ಮೈಸೂರಿನವರು. ಅಲ್ಲಿ ಹೆಸರೆಂದರೆ ಒಂದು ವಿಳಾಸ. ಮುಂದೆ ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಮೊದಲೆರಡನ್ನು ಇನಿಷಿಯಲ್ ಮಾಡಿ ಕರೆಯುವ ಹೆಸರನ್ನು ಪೂರ್ತಿ ಬರೆಯುವುದು ರೂಢಿ. ಹರದನಹಳ್ಳಿಯ ದೊಡ್ಡೇಗೌಡರ ಮಗ ಎಚ್.ಡಿ. ದೇವೇಗೌಡ ಆದದ್ದು ಹೀಗೆ.

ವಾಷಿಂಗ್ಟನ್ ಸುತ್ತಲಿನ ಹರ್ನ್‌ಡನ್, ಆಶ್‌ಬರ್ನ್, ಅಟ್ಲಾಂಟಾ ಹೊರವಲಯದ ಆಲ್ಫರೆಟ್ಟ, ಕಮ್ಮಿಂಗ್, ನಾರ್ತ್ ಕೆರೊಲಿನಾದ ಕೇರಿ, ಮಾರಿಸ್‌ವಿಲ್, ಶಾರ್ಲಟ್ ಊರುಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಹಳ ಮಂದಿ ಸಾಫ್ಟ್‌ವೇರ್ ಬರೆದು ಬದುಕುವವರು. ಹಗಲಿಡೀ ಬೇರೆಯವರಿಗೆ ಫಾರ್ಮ್, ಡೇಟಾಬೇಸ್ ಕಟ್ಟಿಕೊಡುವ ಇವರೇ ಸಂಜೆ ಮಗುವನ್ನು ಈಜು ತರಗತಿಗೆ ಸೇರಿಸುವ ಆ್ಯಪ್ ತೆರೆದು, ತಮ್ಮ ಹೆಸರಿನ ಯಾವ ತುಂಡನ್ನು ಯಾವ ಖಾನೆಗೆ ಹಾಕಿದ್ದೆವು ಎಂದು ಹಳೆಯ ರಸೀದಿ ಹುಡುಕುತ್ತಾರೆ.

ಎಫ್‌ಎನ್‌ಯು ಎಂಬ ಅನಾಮಿಕ

ಸಮಸ್ಯೆ ಹುಟ್ಟುವುದು ಪಾಸ್‌ಪೋರ್ಟಿನಲ್ಲಿ. ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಇರಬಹುದು, ಅದಕ್ಕೆ ತಕರಾರಿಲ್ಲ. ಸುರೇಶ ಕೃಷ್ಣಪ್ಪ ಎಂಬ ಒಬ್ಬ ಕಾಲ್ಪನಿಕ ಎಂಜಿನಿಯರ್ ಇಡೀ ಹೆಸರನ್ನು ‘ಗಿವನ್ ನೇಮ್’ ಖಾನೆಯಲ್ಲೇ ಬರೆಸಿಕೊಂಡಿದ್ದಾನೆ. ಅಮೆರಿಕದ ವೀಸಾ ವ್ಯವಸ್ಥೆ ಇದನ್ನು ಒಪ್ಪುವುದಿಲ್ಲ. ಅದಕ್ಕೆ ಸರ್‌ನೇಮ್ ಬೇಕೇ ಬೇಕು. ಹಾಗಾಗಿ ‘ಸುರೇಶ ಕೃಷ್ಣಪ್ಪ’ ಪೂರ್ತಿಯಾಗಿ ಸರ್‌ನೇಮ್ ಆಗುತ್ತದೆ. ಖಾಲಿಬಿದ್ದ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಬಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ ಅದು.

ಅದು ಹೆಸರಲ್ಲ, ಹೆಸರಿಲ್ಲವೆಂಬ ಷರಾ. ಸಾಫ್ಟ್‌ವೇರ್‌ಗೆ ಆ ವ್ಯತ್ಯಾಸ ತಿಳಿಯದು. ವೀಸಾದಿಂದ ಅದು ಬ್ಯಾಂಕಿಗೆ, ಬ್ಯಾಂಕಿನಿಂದ ಕ್ರೆಡಿಟ್ ಕಾರ್ಡಿಗೆ, ಆಸ್ಪತ್ರೆಯ ಆ್ಯಪಿಗೆ, ಕಚೇರಿಯ ಇ-ಮೇಲ್ ವಿಳಾಸಕ್ಕೆ ಇಳಿಯುತ್ತದೆ. ‘ಎಫ್‌ಎನ್‌ಯು, ನಿಮ್ಮ ಹುಟ್ಟುಹಬ್ಬಕ್ಕೆ ಶೇಕಡಾ 10 ರಿಯಾಯಿತಿ’ ಎಂಬ ಸಂದೇಶ ಬರುತ್ತದೆ. ಚಿಕಿತ್ಸಾಲಯದಲ್ಲಿ ನರ್ಸ್ ಬಾಗಿಲು ತೆರೆದು ‘ಫನೂ? ಫನೂ?’ ಎಂದು ಕೂಗುತ್ತಾಳೆ. ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದ ಮಂಡ್ಯದ ಅಜ್ಜಿಗೆ ತನ್ನನ್ನೇ ಕರೆಯುತ್ತಿದ್ದಾರೆ ಎಂದು ಗೊತ್ತಾಗುವುದು ಹೇಗೆ? ಇಂಥ ಕಥೆಗಳು ಈ ಊರುಗಳ ಪ್ರತಿ ಯುಗಾದಿ ಊಟದ ಪಂಕ್ತಿಯಲ್ಲೂ ಸಿಗುತ್ತವೆ.

ಸೋಜಿಗವೆಂದರೆ ಲೈಸೆನ್ಸ್, ಗುರುತಿನ ಚೀಟಿಗಳಿಗೆ ಸಂಬಂಧಿಸಿದ ಅಮೆರಿಕದ ರಿಯಲ್ ಐಡಿ ಕಾನೂನಿನ ನಿಯಮಗಳು ಇದನ್ನು ಮುಂಚೆಯೇ ಯೋಚಿಸಿದ್ದವು. ಒಂದೇ ಹೆಸರಿದ್ದವರ ಹೆಸರನ್ನು ಲಾಸ್ಟ್ ನೇಮ್ ಖಾನೆಯಲ್ಲಿ ಬರೆದು ಉಳಿದ ಖಾನೆಗಳನ್ನು ಖಾಲಿ ಬಿಡಬೇಕು, ‘ಗೊತ್ತಿಲ್ಲ’ ಎಂಬ ತರದ ತುಂಬುಪದ ಹಾಕಬಾರದು ಎಂದು 2008ರಲ್ಲೇ ಹೇಳಿದವು. 2025ರ ಮೇ 7ರಿಂದ ದೇಶದೊಳಗಿನ ವಿಮಾನಯಾನಕ್ಕೂ ರಿಯಲ್ ಐಡಿ ಜಾರಿಗೆ ಬಂತು. ಆದರೆ ವೀಸಾದಲ್ಲೇ ಎಫ್‌ಎನ್‌ಯು ಕೂತಿದ್ದರೆ ಅದಕ್ಕೆ ತಾಳೆ ನೋಡುವ ಮುಂದಿನ ಗಣಕಗಳೆಲ್ಲ ಅದನ್ನೇ ಹೆಸರೆಂದು ಹಿಡಿಯುತ್ತವೆ. ನಿಯಮ ಬರೆದವರಿಗೆ ತಿಳಿದದ್ದು ಖಾನೆ ಕಟ್ಟಿದವರಿಗೆ ತಲುಪಿಲ್ಲ.

ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲು

ನಿಮ್ಮ ಪಾಸ್‌ಪೋರ್ಟಿನ ಫೋಟೊ ಪುಟ ತೆರೆದು ತಳಭಾಗ ನೋಡಿ. ಬಾಣದ ತುದಿಯಂಥ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆ. ಅವು ಮನುಷ್ಯರಿಗಲ್ಲ, ಯಂತ್ರಕ್ಕೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303ನೇ ದಾಖಲೆ ಈ ಸಾಲುಗಳ ವ್ಯಾಕರಣವನ್ನು ನಿಗದಿ ಮಾಡಿದೆ. ಸಾಲೊಂದಕ್ಕೆ 44 ಅಕ್ಷರ. ಮೊದಲ ಸಾಲಿನ ಐದು ಅಕ್ಷರ ದಾಖಲೆಯ ಬಗೆಗೂ ದೇಶಕ್ಕೂ ಹೋಗುತ್ತವೆ. ಉಳಿದ 39ರಲ್ಲಿ ಮನುಷ್ಯನ ಪೂರ್ತಿ ಹೆಸರು ಮುಗಿಯಬೇಕು. ಮೊದಲು ಮನೆತನದ ಹೆಸರು, ಎರಡು ಬಾಣ, ಆಮೇಲೆ ಸ್ವಂತ ಹೆಸರು. ಸರ್‌ನೇಮ್ ಇದ್ದ ಸುರೇಶ ಹೀಗೆ ಕಾಣುತ್ತಾನೆ:

ಪಿ<ಐಎನ್‌ಡಿ ಕೃಷ್ಣಪ್ಪ<<ಸುರೇಶ<<<<<<

ಬಿಡಿಸಲಾಗದ ಹೆಸರಾದರೆ ಇಡಿಯಾಗಿ ಮೊದಲ ಭಾಗದಲ್ಲೇ ಬರೆಯಬೇಕು ಎನ್ನುತ್ತದೆ ದಾಖಲೆ. ಆಗ ಅದು ಹೀಗಾಗುತ್ತದೆ:

ಪಿ<ಐಎನ್‌ಡಿ ಸುರೇಶ<ಕೃಷ್ಣಪ್ಪ<<<<<<<

ಹೆಸರಿನ ಕ್ರಮ ತಿರುಗಿ, ಎರಡು ಬಾಣದ ಜಾಗದಲ್ಲಿ ಒಂದು ಬಾಣ. ಅಷ್ಟೇ ವ್ಯತ್ಯಾಸ. ಈ ಒಂದು ಬಾಣದ ಮೇಲೆ ಒಬ್ಬ ಮನುಷ್ಯ ಅಮೆರಿಕದಲ್ಲಿ ಹೆಸರಿರುವವನಾಗುತ್ತಾನೋ ಹೆಸರು ಗೊತ್ತಿಲ್ಲದವನಾಗುತ್ತಾನೋ ನಿಂತಿರುತ್ತದೆ.

ಜಾರ್ಜ್‌ಟೌನ್‌ನ ಕಾಲುವೆ ದಂಡೆಯಿಂದ

ಜನರನ್ನು ಖಾನೆಗಳಾಗಿ ಕತ್ತರಿಸಿ ಯಂತ್ರಕ್ಕೆ ತಿನ್ನಿಸುವ ವಿದ್ಯೆಗೆ ವಾಷಿಂಗ್ಟನ್ನೇ ತವರು. ಅಮೆರಿಕದ 1890ರ ಜನಗಣತಿಯನ್ನು ಎಣಿಸಲು ಹರ್ಮನ್ ಹಾಲರಿತ್ ತೂತು ಕೊರೆದ ಕಾರ್ಡುಗಳ ಯಂತ್ರ ಕಟ್ಟಿದರು. 1896ರಲ್ಲಿ ಅವರು ಶುರುಮಾಡಿದ ಟ್ಯಾಬ್ಯುಲೇಟಿಂಗ್ ಮಶೀನ್ ಕಂಪನಿಯ ಕಾರ್ಖಾನೆ ಇದ್ದದ್ದು ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿ, ಕಾಲುವೆಯ ಪಕ್ಕ. ಆ ಕಂಪನಿ 1911ರಲ್ಲಿ ಬೇರೆ ಕಂಪನಿಗಳ ಜೊತೆ ಸೇರಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಅದೇ ಐಬಿಎಂ 1960ರ ದಶಕದಲ್ಲಿ ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಬಂದು ನೆಲೆಯೂರಿತು. ಇಂದು ಕೇರಿ, ಮಾರಿಸ್‌ವಿಲ್‌ನಲ್ಲಿ ಕನ್ನಡ ಕೇಳಿಸುವುದರ ಹಿಂದೆ ಆ ಪಾರ್ಕಿನ ಕೈವಾಡ ದೊಡ್ಡದು.

ಹಾಲರಿತ್‌ರ ಗಣತಿ ಕಾರ್ಡಿನಲ್ಲಿ ಹೆಸರೇ ಇರಲಿಲ್ಲ. ವಯಸ್ಸು, ಲಿಂಗ, ಹುಟ್ಟಿದ ನಾಡು ಇಂಥವಕ್ಕೆ ಮಾತ್ರ ತೂತುಗಳು. ಕಾರ್ಡುಗಳು ಬ್ಯಾಂಕಿಗೂ ಸಂಬಳದ ಪಟ್ಟಿಗೂ ಬಂದಾಗ ಹೆಸರೂ ಒಳಬಂತು. 1928ರ ಐಬಿಎಂ ಕಾರ್ಡಿನಲ್ಲಿ ಇದ್ದದ್ದು 80 ಕಾಲಂ. ಅದರಲ್ಲೇ ಹೆಸರು, ಸಂಖ್ಯೆ, ಮೊತ್ತ ಎಲ್ಲ ಅಡಗಬೇಕು. ಹೆಸರಿಗೆ ಇಷ್ಟೇ ಜಾಗ, ಇದೇ ಕ್ರಮ ಎಂಬ ಶಿಸ್ತು ಅಲ್ಲಿ ಗಟ್ಟಿಯಾಯಿತು. ವಿಮಾನ ಕಂಪನಿಗಳ ಬುಕಿಂಗ್ ವ್ಯವಸ್ಥೆಗಳೂ 1960ರ ದಶಕದ ಕೂಸುಗಳೇ. ಬೋರ್ಡಿಂಗ್ ಪಾಸ್‌ನಲ್ಲಿ ಹೆಸರಿಗೆ ‘ಮಿಸ್ಟರ್’ ಅಂಟಿಕೊಂಡು ‘ಕೃಷ್ಣಪ್ಪ/ಸುರೇಶಮಿಸ್ಟರ್’ ಎಂದು ಮುದ್ರಣವಾಗುವುದು ಆ ಕಾಲದ ಜಿಪುಣತನದ ಉಳಿಕೆ.

ಸೋಮನಹಳ್ಳಿ ಮಲ್ಲಯ್ಯ ಕೃಷ್ಣ, ಅಂದರೆ ನಮ್ಮ ಎಸ್.ಎಂ. ಕೃಷ್ಣ, ಡಲ್ಲಾಸ್‌ನಲ್ಲಿ ಓದಿದ ಮೇಲೆ ಇದೇ ವಾಷಿಂಗ್ಟನ್‌ನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೂ ಓದಿದ್ದರು. ಆಗಿನ ಫಾರ್ಮ್‌ಗಳೂ ಲಾಸ್ಟ್ ನೇಮ್ ಕೇಳುತ್ತಿದ್ದವು. ಆದರೆ ಅವು ಕಾಗದದವು. ಕಾಗದಕ್ಕೆ ಅಂಚು ಇರುತ್ತಿತ್ತು, ಅಂಚಿನಲ್ಲಿ ‘ಇವರಿಗೆ ಸರ್‌ನೇಮ್ ಇಲ್ಲ’ ಎಂದು ಗೀಚಲು ಗುಮಾಸ್ತನ ಕೈಯಲ್ಲಿ ಪೆನ್ನು ಇರುತ್ತಿತ್ತು. ಆ್ಯಪಿಗೆ ಅಂಚಿಲ್ಲ. ವ್ಯತ್ಯಾಸವಿರುವುದು ಇಲ್ಲೇ. ಕೌಂಟರಿನಾಚೆಯ ಮನುಷ್ಯ ನಕ್ಕು ಒಪ್ಪಿಕೊಳ್ಳಬಹುದಾದದ್ದನ್ನು ಪರದೆ ಒಪ್ಪುವುದಿಲ್ಲ. ಲಾಸ್ಟ್ ನೇಮ್‌ಗೆ ‘ಕೆ’ ಎಂದು ಒಂದೇ ಅಕ್ಷರ ಹಾಕಿದರೆ ‘ಸರಿಯಾದ ಹೆಸರು ನಮೂದಿಸಿ’ ಎಂದು ಗದರುತ್ತದೆ. ಪಕ್ಕದಲ್ಲಿ ಚುಕ್ಕಿ ಇಟ್ಟರೆ ಅದು ಅಕ್ಷರವೇ ಅಲ್ಲ ಎನ್ನುತ್ತದೆ.

ಕೃಷ್ಣರೆಲ್ಲ ಒಂದೇ

ಖಾನೆಯೊಳಗೆ ಹೇಗೋ ಹೊಕ್ಕ ಮೇಲೂ ಇನ್ನೊಂದು ಪರೀಕ್ಷೆಯಿದೆ. ಒಂದು ಪಟ್ಟಿಯ ಸುರೇಶನೂ ಇನ್ನೊಂದು ಪಟ್ಟಿಯ ಸುರೇಶನೂ ಒಬ್ಬನೇ ಎಂದು ಗಣಕಕ್ಕೆ ತಿಳಿಯಬೇಕು. ಇದಕ್ಕೆ ಹುಟ್ಟಿದ ಹಳೆಯ ಉಪಾಯ ಸೌಂಡೆಕ್ಸ್. ರಾಬರ್ಟ್ ರಸೆಲ್ ಎಂಬವರು 1918ರಲ್ಲಿ ಪೇಟೆಂಟ್ ಪಡೆದ ಸೂತ್ರವಿದು. ಇಂಗ್ಲಿಷ್ ಕಾಗುಣಿತದ ಮೊದಲ ಅಕ್ಷರ ಉಳಿಸಿ, ಸ್ವರಗಳನ್ನು ಬಿಸಾಡಿ, ಮುಂದಿನ ಮೂರು ವ್ಯಂಜನಗಳಿಗೆ ಅಂಕಿ ಕೊಡುವುದು. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನ ಡ್ರೈವಿಂಗ್ ಲೈಸೆನ್ಸ್ ಸಂಖ್ಯೆ ಬಹುಕಾಲ ಈ ಸಂಕೇತದಿಂದಲೇ ಶುರುವಾಗುತ್ತಿತ್ತು.

ನಮ್ಮ ಹೆಸರುಗಳ ಮೇಲೆ ಇದನ್ನು ಓಡಿಸಿ ನೋಡಿದರೆ ಮೋಜು. ಕೃಷ್ಣ, ಕೃಷ್ಣಪ್ಪ, ಕೃಷ್ಣಮೂರ್ತಿ, ಕೃಷ್ಣೇಗೌಡ ನಾಲ್ವರಿಗೂ ಸಿಗುವ ಸಂಕೇತ ಒಂದೇ: ಕೆ-625. ನಾಲ್ಕು ಮನೆಯವರು ಒಂದೇ ಕಂತೆಯಲ್ಲಿ. ಕೆಲವು ಕಡೆ ಸೂತ್ರ ನಮ್ಮ ಪರವಾಗಿಯೂ ನಿಲ್ಲುತ್ತದೆ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ‘ಕೆ-ಎಸ್-ಎಚ್’ ಹಾಕಿ ಬರೆದರೂ ‘ಎಕ್ಸ್’ ಹಾಕಿ ಬರೆದರೂ ಎಲ್-250 ಎಂದೇ ಬರುತ್ತದೆ. ಆದರೆ ಜ್ಞಾನೇಶನನ್ನು ಒಬ್ಬರು ‘ಜಿ’ಯಿಂದ, ಇನ್ನೊಬ್ಬರು ‘ಜೆ’ಯಿಂದ ಬರೆದರೆ ಆ ಇಬ್ಬರು ಎಂದೂ ಸಂಧಿಸುವುದಿಲ್ಲ. ಮೊದಲಕ್ಷರವೇ ಬೇರೆ.

ಇಂದಿನ ವಿಧಾನಗಳು ಇದಕ್ಕಿಂತ ಚುರುಕು. 1976ರಲ್ಲಿ ಹುಟ್ಟಿದ, ಕೇರಿಯಲ್ಲಿ ನೆಲೆಸಿರುವ ಸಾಸ್ ಕಂಪನಿ 2000ದಲ್ಲಿ ಕೊಂಡ ಡೇಟಾಫ್ಲಕ್ಸ್‌ನ ಕಸುಬೇ ಇಂಥ ಚೆದುರಿದ ದಾಖಲೆಗಳನ್ನು ತೊಳೆದು ಜೋಡಿಸುವುದಾಗಿತ್ತು. ಸಾಲದ ಚರಿತ್ರೆ ಇಡುವ ಇಕ್ವಿಫ್ಯಾಕ್ಸ್‌ನ ಮನೆ ಅಟ್ಲಾಂಟಾ. 1899ರಿಂದ ಅದರ ಬೇರು ಅಲ್ಲೇ. ಇಂಥ ಸಂಸ್ಥೆಗಳು ಹೆಸರು, ವಿಳಾಸ, ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳನ್ನು ಕೂಡಿಸಿ ಒಬ್ಬೊಬ್ಬರ ಕಡತ ಕಟ್ಟುತ್ತವೆ. ಒಂದು ಕಾರ್ಡಿನಲ್ಲಿ ‘ಸುರೇಶ ಕೃಷ್ಣಪ್ಪ’, ಇನ್ನೊಂದರಲ್ಲಿ ‘ಸುರೇಶ ಕೆ’, ಮೂರನೆಯದರಲ್ಲಿ ‘ಎಫ್‌ಎನ್‌ಯು ಸುರೇಶಕೃಷ್ಣಪ್ಪ’ ಇದ್ದರೆ ಕಡತ ಎರಡಾಗಿ ಸೀಳುವ ಸಂಭವವಿದೆ. ಮನೆಸಾಲಕ್ಕೆ ಹೋದಾಗ ಹತ್ತು ವರ್ಷದ ಒಳ್ಳೆಯ ಚರಿತ್ರೆಯಲ್ಲಿ ಅರ್ಧ ಕಾಣದೆ ಹೋಗಬಹುದು. ಹೆಸರಿನ ಖಾನೆ ನಗೆಚಾಟಿಕೆಯ ವಿಷಯವಾಗಿ ಉಳಿಯದಿರುವುದು ಇಂಥಲ್ಲಿ.

ಅಮ್ಮನ ತವರಿನ ಸರ್‌ನೇಮ್

ಬ್ಯಾಂಕಿನ ಆ್ಯಪ್ ಭದ್ರತೆಗೆಂದು ಕೇಳುವ ಹಳೆಯ ಪ್ರಶ್ನೆಯೊಂದಿದೆ: ನಿಮ್ಮ ತಾಯಿಯ ಮದುವೆಗೆ ಮುಂಚಿನ ಕೊನೆಯ ಹೆಸರೇನು? ಗುಬ್ಬಿಯ ಜಯಮ್ಮನಿಗೆ ಮದುವೆಗೆ ಮುಂಚೆಯೂ ಕೊನೆಯ ಹೆಸರಿರಲಿಲ್ಲ, ಆಮೇಲೂ ಇರಲಿಲ್ಲ. ಮುಂಚೆ ಅಪ್ಪನ ಇನಿಷಿಯಲ್, ಆಮೇಲೆ ಗಂಡನ ಇನಿಷಿಯಲ್. ಮಕ್ಕಳು ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಅಣ್ಣ ‘ಗುಬ್ಬಿ’ ಎನ್ನುತ್ತಾನೆ, ತಂಗಿ ಅಜ್ಜನ ಹೆಸರು ಹಾಕುತ್ತಾಳೆ, ತಮ್ಮ ತಾನು ಏನು ಹಾಕಿದ್ದೆ ಎಂಬುದನ್ನೇ ಮರೆಯುತ್ತಾನೆ. ಕಳ್ಳರಿಗೆ ಊಹಿಸಲಾಗದ ಉತ್ತರ ಎಂಬುದೊಂದೇ ಸಮಾಧಾನ.

ಶಾಲೆಯ ಆ್ಯಪಿನಲ್ಲಿ ಸಂಸಾರವೇ ಚೆಲ್ಲಾಪಿಲ್ಲಿ. ಅಪ್ಪ ಸುರೇಶ ಕೃಷ್ಣಪ್ಪ, ಅಮ್ಮ ಲತಾ ಸಿದ್ದಯ್ಯ, ಮಗಳು ಅನನ್ಯಾ ಸುರೇಶ. ನಮ್ಮ ಲೆಕ್ಕದಲ್ಲಿ ಇದು ಅತ್ಯಂತ ಸರಳ ಕುಟುಂಬ. ಪ್ರತಿ ಹೆಸರೂ ತನ್ನ ಹಿಂದಿನ ತಲೆಮಾರನ್ನು ತೋರಿಸುತ್ತದೆ. ಒಂದು ಮನೆಗೆ ಒಂದು ಲಾಸ್ಟ್ ನೇಮ್ ಎಂದು ನಂಬಿದ ಸಾಫ್ಟ್‌ವೇರ್‌ಗೆ ಇವರು ಮೂರು ಬೇರೆ ಮನೆಯವರು. ಮಗಳನ್ನು ಕರೆದುಕೊಂಡು ಒಬ್ಬಳೇ ಪ್ರಯಾಣಿಸುವ ತಾಯಿ, ತಾಯ್ತನಕ್ಕೆ ಸಾಕ್ಷಿಯಾಗಿ ಜನನ ಪತ್ರದ ನಕಲನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು ಇಲ್ಲಿ ರೂಢಿಯಾಗಿದೆ. ಇನ್ನು ಕಚೇರಿಯಲ್ಲಿ ಯಾರಾದರೂ ಮರ್ಯಾದೆಯಿಂದ ‘ಮಿಸ್ಟರ್ ಕೃಷ್ಣಪ್ಪ’ ಎಂದರೆ ಸುರೇಶನಿಗೆ ಮುಜುಗರ. ಊರಿನಲ್ಲಿ ಅಪ್ಪನ ಹೆಸರನ್ನು ಹಾಗೆ ಬಾಯಿಬಿಟ್ಟು ಕರೆದವರಿಲ್ಲ.

ನಕ್ಷತ್ರ ಚಿಹ್ನೆ ಹಡೆದ ಕುಲನಾಮಗಳು

ಹೀಗೆ ಹೈರಾಣಾದವರು ಒಂದು ದಿನ ತೀರ್ಮಾನಕ್ಕೆ ಬರುತ್ತಾರೆ. ಮಕ್ಕಳಿಗಾದರೂ ಒಂದು ಲಾಸ್ಟ್ ನೇಮ್ ಇರಲಿ. ಯಾವುದು? ಕೆಲವರು ಊರನ್ನು ಆರಿಸುತ್ತಾರೆ, ಕೆಲವರು ಅಜ್ಜನನ್ನು. ಕೆಲವರು ಹೆಸರಿನ ಬಾಲವನ್ನೇ ಕತ್ತರಿಸಿ ಮೂರ್ತಿ, ರಾವ್, ಕುಮಾರ್ ಮಾಡಿಕೊಳ್ಳುತ್ತಾರೆ. ಅಮೆರಿಕದ ಸರ್ಜನ್ ಜನರಲ್ ಆಗಿ ಎರಡು ಬಾರಿ ಸೇವೆ ಸಲ್ಲಿಸಿದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವೈದ್ಯರ ಪೂರ್ಣ ಹೆಸರು ವಿವೇಕ್ ಹಲ್ಲೆಗೆರೆ ಮೂರ್ತಿ. ಊರು ನಡುವಿಗೆ ಬಂದಿದೆ, ನಮ್ಮಲ್ಲಿ ಹೆಸರಿನ ಉತ್ತರಾರ್ಧವಾಗಿದ್ದ ಮೂರ್ತಿ ಕುಲನಾಮವಾಗಿದೆ. ಹಲ್ಲೆಗೆರೆ ಎಂಬ ಪುಟ್ಟ ಊರು ವಾಷಿಂಗ್ಟನ್ನಿನ ಸರ್ಕಾರಿ ದಾಖಲೆಗಳಲ್ಲಿ ಹೀಗೆ ನೆಲೆ ಕಂಡಿತು.

ಎಲ್ಲ ಆಯ್ಕೆಗಳೂ ಇಷ್ಟು ಸಲೀಸಲ್ಲ. ಕರ್ನಾಟಕದಲ್ಲಿ ಬಹಳ ಜನ ಇನಿಷಿಯಲ್‌ಗೆ ಅಂಟಿಕೊಂಡದ್ದಕ್ಕೆ ಒಂದು ಕಾರಣ, ಅದರಲ್ಲಿ ಜಾತಿ ಕಾಣುವುದಿಲ್ಲ ಎಂಬುದು. ಕುವೆಂಪು ಅವರ ತಂದೆ ವೆಂಕಟಪ್ಪಗೌಡರು. ಮಗ ಆ ಗೌಡವನ್ನು ಹೆಸರಿಗೆ ಸೇರಿಸಿಕೊಳ್ಳಲಿಲ್ಲ. ಜಾತಿಸೂಚಕವನ್ನು ಬೇಕೆಂದೇ ಕಳಚಿದ ಮನೆಗಳು ನಮ್ಮಲ್ಲಿ ಅನೇಕ. ಈಗ ಅಂಥ ಮನೆಯ ಮೊಮ್ಮಗನಿಗೆ ಆಲ್ಫರೆಟ್ಟದ ಆ್ಯಪ್ ಒಂದು ಮನೆತನದ ಹೆಸರು ಬೇಕೆನ್ನುತ್ತದೆ. ಅವನು ಹುಡುಕಿದಾಗ ಕೈಗೆ ಮೊದಲು ಸಿಗುವುದು ಜಾತಿಯ ಹೆಸರೇ. ಅಜ್ಜ ವಿಚಾರ ಮಾಡಿ ಬಿಟ್ಟದ್ದನ್ನು ಮೊಮ್ಮಗ ಫಾರ್ಮ್ ತುಂಬುವ ಅವಸರದಲ್ಲಿ ಮರಳಿ ತಂದುಕೊಳ್ಳುತ್ತಾನೆ.

ಜನರ ಮೇಲೆ ಕುಲನಾಮ ಹೇರಿದ್ದು ಚರಿತ್ರೆಯಲ್ಲಿ ಹೊಸದಲ್ಲ. ಫಿಲಿಪ್ಪೀನ್ಸ್‌ನ ಸ್ಪ್ಯಾನಿಷ್ ಗವರ್ನರ್ 1849ರಲ್ಲಿ ಪಟ್ಟಿಯಿಂದ ಹೆಸರು ಹಂಚಿದ. ಟರ್ಕಿ 1934ರಲ್ಲಿ ಕಾನೂನು ಮಾಡಿತು, ಮುಸ್ತಫಾ ಕೆಮಾಲ್‌ಗೆ ಅತಾತುರ್ಕ್ ಎಂಬ ಕುಲನಾಮ ಬಂದದ್ದು ಆಗಲೇ. ಅಲ್ಲೆಲ್ಲ ಆಜ್ಞೆ ಮಾಡಿದವರು ಯಾರೆಂದು ಗೊತ್ತಿತ್ತು, ಬೈಯಬಹುದಿತ್ತು. ನಮಗೆ ಆಜ್ಞೆ ಮಾಡಿದ್ದು ಯಾವುದೋ ಕಚೇರಿಯಲ್ಲಿ ಯಾರೋ ಇಟ್ಟ ಒಂದು ಕೆಂಪು ನಕ್ಷತ್ರ. ಇಟ್ಟವನು ಕನ್ನಡಿಗನೇ ಇದ್ದರೂ ಅಚ್ಚರಿಯಿಲ್ಲ.

ಒಂದೇ ಖಾನೆ ಸಾಕು

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಪ್ಯಾಟ್ರಿಕ್ ಮೆಕೆಂಜಿ ಎಂಬ ಪ್ರೋಗ್ರಾಮರ್, ಹೆಸರುಗಳ ಬಗ್ಗೆ ತಮ್ಮ ಕಸುಬಿನವರು ನಂಬುವ ಸುಳ್ಳುಗಳ ಪಟ್ಟಿಯನ್ನು 2010ರಲ್ಲೇ ಬರೆದರು. ಎಲ್ಲರಿಗೂ ಲಾಸ್ಟ್ ನೇಮ್ ಇರುತ್ತದೆ ಎಂಬುದೂ ಆ ಜಾತಿಯ ಸುಳ್ಳೇ. ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ, ಸಾಧ್ಯವಾದರೆ ಪೂರ್ಣ ಹೆಸರಿಗೆ ಒಂದೇ ಖಾನೆ ಇಡಿ, ಕರೆಯುವ ಹೆಸರು ಬೇಕಿದ್ದರೆ ಪ್ರತ್ಯೇಕವಾಗಿ ಕೇಳಿ ಎನ್ನುತ್ತದೆ. ದಕ್ಷಿಣ ಭಾರತದ ಬಗ್ಗೆ ಅದು ಕೊಡುವ ಉದಾಹರಣೆಯಲ್ಲಿ ಊರು, ಬೀರಪ್ಪ ಎಂಬ ತಂದೆ, ತಿಮ್ಮಪ್ಪ ಎಂಬ ಮಗ ಇದ್ದಾರೆ. ಬ್ರಿಟನ್ ಸರ್ಕಾರದ ವಿನ್ಯಾಸ ಕೈಪಿಡಿಯೂ ಒಂದೇ ಖಾನೆ ಹೆಚ್ಚು ಜನರಿಗೆ ಹೊಂದುತ್ತದೆ ಎನ್ನುತ್ತದೆ.

ದೊಡ್ಡ ವ್ಯವಸ್ಥೆಯಲ್ಲಿ ಇದು ನಡೆಯುವುದಿಲ್ಲ ಎನ್ನುವವರಿಗೆ ನಮ್ಮ ಆಧಾರ್ ಉತ್ತರ. 130 ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ಕೊಟ್ಟ ಆಧಾರ್‌ನಲ್ಲಿ ಹೆಸರಿಗಿರುವುದು ಒಂದೇ ಖಾನೆ. ಹಾಗೆಂದು ಬೀಗುವುದೂ ಬೇಡ. ನಮ್ಮದೇ ಪ್ಯಾನ್ ಕಾರ್ಡಿನ ಅರ್ಜಿ ಲಾಸ್ಟ್ ನೇಮ್‌ನಿಂದ ಶುರುವಾಗುತ್ತದೆ, ಒಂದೇ ಹೆಸರಿದ್ದರೆ ಅದನ್ನು ಅಲ್ಲೇ ಬರೆಯಿರಿ ಎನ್ನುತ್ತದೆ. ಎರಡನ್ನೂ ಜೋಡಿಸಲು ಹೋದ ಹೊರನಾಡಿಗರಿಗೆ ಅದರ ಫಲ ಗೊತ್ತು.

ಫಾರ್ಮ್‌ಗಳು ಬದಲಾಗುವವರೆಗೆ ಬದುಕಬೇಕಲ್ಲ. ಅನುಭವಸ್ಥರು ಹೇಳುವುದು ಇಷ್ಟು. ಹೊರಡುವ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡಾಗಿ ಬಿಡಿಸಿಕೊಳ್ಳಿ, ಬಂದ ಮೇಲೆ ಅದೇ ಕೆಲಸ ದುಬಾರಿ. ಇಲ್ಲಿಂದ ಮಾಡಿಸುವುದಾದರೆ ವ್ಯಾಪ್ತಿ ನೋಡಿಕೊಳ್ಳಿ. ಶಾರ್ಲಟ್ ವಾಷಿಂಗ್ಟನ್ ರಾಯಭಾರ ಕಚೇರಿಗೆ ಸೇರುತ್ತದೆ. ರಾಜ್ಯದ ಗಡಿ ದಾಟಿದರೆ ಸಿಗುವ ಸೌತ್ ಕೆರೊಲಿನಾದ ಫೋರ್ಟ್ ಮಿಲ್ ಅಟ್ಲಾಂಟಾ ಕಾನ್ಸುಲೇಟಿಗೆ. ಅಪ್ಪ ಅಮ್ಮನ ಟಿಕೆಟ್ಟನ್ನು ಪಾಸ್‌ಪೋರ್ಟಿನ ಕ್ರಮದಲ್ಲೇ ಬುಕ್ ಮಾಡಿ. ದುಬೈಯಲ್ಲಿ ಇಳಿದು ಎರಡು ದಿನ ಸುತ್ತಾಡುವ ಯೋಜನೆಯಿದ್ದರೆ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರ ಬಗ್ಗೆ ಯುಎಇ 2022ರ ನವೆಂಬರ್‌ನಲ್ಲಿ ಬಿಗಿ ಮಾಡಿದ ನಿಯಮವನ್ನು ಮೊದಲು ಓದಿ. ಬಂದಿಳಿದ ಮೇಲೆ ಅಮೆರಿಕ ಪ್ರವೇಶದ ಐ-94 ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆರೆದು ಹೆಸರಿನ ಕ್ರಮ ಪರೀಕ್ಷಿಸಿ. ಒಂದು ಕಾಗುಣಿತ ಹಿಡಿದರೆ ಬ್ಯಾಂಕಿನಿಂದ ಗ್ರಂಥಾಲಯದ ಕಾರ್ಡಿನವರೆಗೆ ಅದನ್ನೇ ಹಿಡಿಯಿರಿ. ಅಮೆರಿಕದ ಪೌರತ್ವ ಪಡೆಯುವವರು ಅದೇ ಅರ್ಜಿಯಲ್ಲಿ ಹೆಸರು ಬದಲಾವಣೆ ಕೋರಬಹುದು. ಎಫ್‌ಎನ್‌ಯು ಎಂಬುವನನ್ನು ಬಹಳ ಮಂದಿ ಬೀಳ್ಕೊಡುವುದು ಅಲ್ಲೇ.

ಇವೆಲ್ಲ ನಾವು ಬಾಗುವ ಉಪಾಯಗಳು. ಫಾರ್ಮನ್ನು ಬಾಗಿಸುವ ಕೆಲಸವೂ ನಮ್ಮ ಕೈಯಲ್ಲೇ ಇದೆ, ಏಕೆಂದರೆ ಈ ಊರುಗಳಲ್ಲಿ ಆ ಫಾರ್ಮ್‌ಗಳನ್ನು ಬರೆಯುವವರಲ್ಲಿ ನಾವೂ ಇದ್ದೇವೆ. ಮುಂದಿನ ಸಲ ಲಾಸ್ಟ್ ನೇಮ್ ಕಡ್ಡಾಯ ಎಂದು ವಿನ್ಯಾಸದಲ್ಲಿ ಬಂದಾಗ, ಯಾಕೆ ಕಡ್ಡಾಯ ಎಂದು ಸಭೆಯಲ್ಲಿ ಕೇಳಲು ಯಾರ ಅಪ್ಪಣೆಯೂ ಬೇಡ. ಅಷ್ಟು ದೂರ ಹೋಗುವ ಮುಂಚೆ ನಮ್ಮ ಕನ್ನಡ ಕೂಟಗಳಿಂದಲೇ ಶುರುಮಾಡಬಹುದು. ದೀಪಾವಳಿ ಊಟಕ್ಕೆ ಹೆಸರು ಬರೆಸುವ ಫಾರ್ಮನ್ನು ಯಾರೋ ಸ್ವಯಂಸೇವಕರು ಸಿದ್ಧ ಮಾದರಿಯಿಂದ ತೆಗೆದು ಹಾಕುತ್ತಾರೆ, ಅದರಲ್ಲಿ ಫಸ್ಟ್, ಲಾಸ್ಟ್ ಎರಡೂ ಇರುತ್ತವೆ, ಎರಡಕ್ಕೂ ನಕ್ಷತ್ರ ಇರುತ್ತದೆ. ಒಂದನ್ನು ಅಳಿಸಿ, ಉಳಿದದ್ದಕ್ಕೆ ‘ಹೆಸರು’ ಎಂದು ಬರೆದರೆ ಸಾಕು. ಎಷ್ಟು ಜನ ಊಟಕ್ಕೆ ಬರುತ್ತೀರಿ ಎಂಬ ಖಾನೆಯನ್ನು ಮಾತ್ರ ಕಡ್ಡಾಯವಾಗಿಯೇ ಇಡಿ. ಹೋಳಿಗೆ ಲೆಕ್ಕ ತಪ್ಪಬಾರದು.